ಶಾವಂತ್ರವ್ವನ ಎಮ್ಮೆಯ ಎಂಜಲು

ನಮ್ಮೂರಿನಲ್ಲಿ ಹೊಟ್ಟೆ ಸುಮ್ಮನಿರುವುದಿಲ್ಲ. ಹಸಿದಾಗ ಗುರುಗುಟ್ಟುವ ಮಾತಲ್ಲ ಇದು, ಅದು ಎಲ್ಲ ಊರಿನಲ್ಲೂ ಇದ್ದದ್ದೇ. ನಮ್ಮಲ್ಲಿ ಉಂಡಾಗಲೂ ಮಲಗಿದಾಗಲೂ ಜಗಳವಾಡುವಾಗಲೂ ಹೊಟ್ಟೆಯೊಳಗಿನವರು ತಮ್ಮ ಪಾಡಿಗೆ ತಾವು ನಾದ ಹೊರಡಿಸುತ್ತಲೇ ಇರುತ್ತಾರೆ, ಮಗ್ಗುಲಲ್ಲಿ ಕೂತವರಿಗೆ ಕೇಳುವಷ್ಟು. ಒಂದೇ ಗಡಿಗೆಯ ಅಂಬಲಿ ಕುಡಿದು, ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಉಂಡು ಬೆಳೆಯುವುದರಿಂದ ಒಂದು ಮನೆಯವರಿಗೆಲ್ಲ ಒಂದೇ ನಾದ. ಆ ಮನೆಯ ಮುಸುರೆ ಕುಡಿಯುವ ದನಕ್ಕೂ ಅದೇ ನಾದ. ನಮ್ಮ ಮನೆಯದು ಗುಂಯ್ ಎನ್ನುವ ದಪ್ಪ ದನಿ. ಎದುರು ಮನೆಯ ಶಾವಂತ್ರವ್ವನದು ಟಕಟಕ, ಅಡಕತ್ತಿನಲ್ಲಿ ಅಡಿಕೆ ಕತ್ತರಿಸಿದ ಹಾಗೆ. ಹೀಗಾಗಿ ನಮ್ಮೂರಲ್ಲಿ ಯಾರು ಯಾರ ಮನೆಯಲ್ಲಿ ಉಂಡರು ಎಂಬುದನ್ನು ಮುಚ್ಚಿಡಲಾಗುವುದಿಲ್ಲ. ಕದ್ದು ಓಡಾಡುವ ಹುಡುಗ ಹುಡುಗಿಯರು ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತಾರೆ. ಹೊಸದಾಗಿ ಬಂದ ಸೊಸೆಯ ಹೊಟ್ಟೆಯಿಂದ ತವರಿನ ನಾದ ದಿನದಿನಕ್ಕೆ ಕರಗುತ್ತ ಹೋಗಿ ಒಂದು ಬೆಳಿಗ್ಗೆ ಪೂರ್ತಿ ನಿಂತುಬಿಡುತ್ತದೆ. ಆ ದಿನ ಅವಳಿಗೆ ಯಾರೂ ಕೆಲಸ ಹೇಳುವುದಿಲ್ಲ, ಅಳುವುದಕ್ಕೆ ಬಿಡುತ್ತಾರೆ. ನಾನೂ ಅತ್ತಿದ್ದೇನೆ.

ಮದುವೆಯಾಗಿ ಬಂದವಳ ಮಾತು ಬೇರೆ. ಉಳಿದಂತೆ ಬೇರೆ ಮನೆಯ ಎಂಜಲನ್ನು ನಮ್ಮೂರವರು ಬೆಂಕಿಯನ್ನು ಕಂಡಂತೆ ಕಾಣುತ್ತಾರೆ. ನಾದ ಕೆಟ್ಟರೆ ಮನೆ ಕೆಟ್ಟಿತು ಎನ್ನುವುದು ನಂಬಿಕೆ. ಹೊಳೆ ದಾಟಿಸುವ ನಮ್ಮಂಥ ಮನೆಗಳಲ್ಲಿ ಇದು ನಂಬಿಕೆಯಷ್ಟೇ ಅಲ್ಲ, ಹೊಟ್ಟೆಪಾಡು. ನಮ್ಮ ಹೊಳೆಗೆ ಸೇತುವೆಯಿಲ್ಲ, ದೋಣಿ ಆ ಸೆಳವಿನಲ್ಲಿ ನಿಲ್ಲುವುದಿಲ್ಲ. ಕೋಣದ ಬೆನ್ನ ಮೇಲೆ ದಾಟಿಸುವವನು ಬೋರಲು ಮಲಗುತ್ತಾನೆ, ಅವನ ಹಿಂದೆ ಬಾಲದ ಕಡೆಗೆ ಮಂದಿ ಕೂರುತ್ತಾರೆ. ನಡುಹೊಳೆಯಲ್ಲಿ ನೀರಿನ ಸದ್ದಿಗೆ ಕೂಗಿದರೂ ಕೇಳುವುದಿಲ್ಲ. ಅವನ ಹೊಟ್ಟೆಯ ನಾದ ತನ್ನ ಬೆನ್ನಿಗೆ ತಾಗಿ, ತನ್ನೊಳಗಿನ ನಾದದ ಜೊತೆ ಕೂಡಿದರೆ ಮಾತ್ರ ಕೋಣ ಅವನು ವಾಲಿದ ಕಡೆ ತಿರುಗುತ್ತದೆ. ಕೂಡದಿದ್ದರೆ ತನಗೆ ತೋಚಿದ ಕಡೆ ಹೋಗುತ್ತದೆ. ಹಾಗೆ ಹೋದವುಗಳು ತಿರುಗಿ ಬಂದದ್ದು ಕಡಿಮೆ.

ನನ್ನ ಹೆಸರು ತಿಪ್ಪವ್ವ. ನನಗಿಂತ ಮುಂಚೆ ಹುಟ್ಟಿದವರು ಉಳಿಯಲಿಲ್ಲವೆಂದು ನನ್ನನ್ನು ತಿಪ್ಪೆಯಲ್ಲಿ ಹೊರಳಾಡಿಸಿ ಮೇಲೆತ್ತಿ ಆ ಹೆಸರಿಟ್ಟರು. ಉಳಿದೆ, ಚೆನ್ನಾಗಿಯೇ ಉಳಿದೆ, ಬಾಯಿ ಸ್ವಲ್ಪ ಜೋರು. ಗಂಡನ ಹೆಸರು ಭರಮಪ್ಪ. ಹೆಸರು ಹಿಡಿದು ಕರೆಯುವ ರೂಢಿ ನಮ್ಮಲ್ಲಿಲ್ಲ. ಕಥೆ ಹೇಳುವಾಗ ಬೇರೆ ದಾರಿಯಿಲ್ಲದೆ ಒಮ್ಮೆ ಹೇಳಿದ್ದೇನೆ, ಇನ್ನು ಮುಂದೆ ನಮ್ಮವರು ಎನ್ನುತ್ತೇನೆ. ಹೋದ ಮಳೆಗಾಲದ ಮಹಾಪೂರದಲ್ಲಿ ನಮ್ಮ ಮುದಿ ಕೋಣ ಕೊಚ್ಚಿಕೊಂಡು ಹೋಯಿತು. ನಮ್ಮವರು ಈಜಿ ದಡ ಸೇರಿದರು. ಅಂದಿನಿಂದ ಅವರಿಗೆ ದಂಡೆಯ ಮೇಲೆ ಬೇರೆಯವರ ಕೋಣಕ್ಕೆ ಹಗ್ಗ ಹಿಡಿಯುವ ಕೆಲಸ. ಏರುವವನು ಹಗ್ಗ ಹಿಡಿದು ನಿಂತರೆ ಹೇಗಿರುತ್ತದೆಂದು ನಾನು ದಿನಾ ನೋಡುತ್ತಿದ್ದೆ. ಆದರೆ ಮನೆಯಲ್ಲಿ ಗಬ್ಬದ ಎಮ್ಮೆಯಿತ್ತು. ದಸರೆಯ ಹೊತ್ತಿಗೆ ಅದು ಗಂಡುಕರು ಹಾಕಿತು. ಎಷ್ಟು ತುಂಬಿಕೊಂಡು ಹುಟ್ಟಿತೆಂದರೆ ದುಂಡ್ಯಾ ಎಂದೇ ಕರೆದೆವು. ನಮ್ಮವರು ಅವತ್ತು ಕರುವಿನ ಬೆನ್ನು ತಟ್ಟಿ ನಕ್ಕದ್ದನ್ನು ಬಹಳ ದಿನದ ಮೇಲೆ ಕಂಡೆ.

ಕರು ಇನ್ನೂ ಹುಲ್ಲು ಮೂಸುವ ಮೊದಲೇ ತಾಯಿಗೆ ಹಾವು ಮುಟ್ಟಿತು. ಊರಾಚೆಯ ಮಡ್ಡಿಯಲ್ಲಿ ಮೇಯಲು ಹೋದದ್ದು ಅಲ್ಲೇ ಮಲಗಿತು. ಈಗ ನಮ್ಮ ಮನೆಯ ನಾದ ಹೊತ್ತ ಜೀವ ಕೊಟ್ಟಿಗೆಯಲ್ಲಿ ಅದೊಂದೇ. ಹಾಲು ಹೊರಗಿನಿಂದ ತರಬೇಕು. ಹೊರಗಿನ ಹಾಲೆಂದರೆ ಹೊರಗಿನ ನಾದ. ನಾನು ಏನು ಮಾಡಿದೆನೆಂದರೆ, ತಂದ ಹಾಲನ್ನು ಉಕ್ಕಿ ಉಕ್ಕಿ ಅರ್ಧವಾಗುವ ತನಕ ಕುದಿಸಿದೆ. ಮೇವು ಹಾಕುವ ಗೋದಲಿಯನ್ನು ಹುಣಸೆಹಣ್ಣು ಬೂದಿ ಹಾಕಿ ದಿನಾ ತಿಕ್ಕಿದೆ. ಮುಸುರೆಯನ್ನೂ ಕಾಸಿ ಆರಿಸಿ ಕೊಟ್ಟೆ. ಬೀದಿಯ ದನಗಳ ಸೆಗಣಿ ನೆಕ್ಕೀತೆಂದು ನಡುಮನೆಯಲ್ಲೇ ಕಟ್ಟಿ ಸಾಕಿದೆ. ಇಡೀ ಓಣಿ ಬಂದು ನೋಡಿ, ಕರುವನ್ನು ಸಾಕುವುದೆಂದರೆ ತಿಪ್ಪವ್ವನ ಹಾಗೆ ಸಾಕಬೇಕು ಎಂದಿತು. ನನಗೂ ಸ್ವಲ್ಪ ತಲೆ ತಿರುಗಿತು ಅನ್ನಿ. ತಿಪ್ಪೆಯಲ್ಲಿ ಹೊರಳಿ ಉಳಿದವಳೇ ಹೀಗೆ ಮಾಡಿದೆನಲ್ಲ ಎಂದು ಈಗ ನಗು ಬರುತ್ತದೆ. ಆಗ ಬರಲಿಲ್ಲ.

ಯಾಕೆಂದರೆ ದುಂಡ್ಯಾ ಬೆಳೆಯಲಿಲ್ಲ. ಹಾಲು ಕುಡಿಯುತ್ತಿತ್ತು, ಜೋಳದ ಕಣಿಕೆ ಕಚ್ಚುತ್ತಿತ್ತು, ಹಿಟ್ಟು ನೆಕ್ಕುತ್ತಿತ್ತು, ಎಲ್ಲವೂ ಎಲ್ಲಿ ಹೋಗುತ್ತಿತ್ತೋ. ಸಂಕ್ರಾಂತಿಯ ಹೊತ್ತಿಗೆ ಓರಗೆಯ ಕರುಗಳ ಕೊಂಬು ಮೂಡಿದವು, ಇದರ ಪಕ್ಕೆಲುಬು ಮೂಡಿದವು. ಹೊಟ್ಟೆಗೆ ಕಿವಿ ಇಟ್ಟರೆ ನಮ್ಮ ಗುಂಯ್ ಕೇಳುತ್ತಿತ್ತು, ಆದರೆ ಖಾಲಿ ಮನೆಯಲ್ಲಿ ಒಬ್ಬರೇ ಕೂತು ಗುನುಗಿದ ಹಾಗೆ. ನಾದ ಕಡಿಮೆಯಾಗಿದೆ ಎಂದುಕೊಂಡು ನಾನು ರೊಟ್ಟಿ ಅಗಿದು ಅದರ ಬಾಯಿಗೆ ಇಟ್ಟೆ. ಗುಂಯ್ ಇನ್ನಷ್ಟು ಜೋರಾಯಿತು. ಕರು ಇದ್ದಷ್ಟೇ ಇತ್ತು.

ನಮ್ಮ ದಂಡೆಗೆ ಒಂದು ಕಟ್ಟಳೆ ಇದೆ. ಮುಂಗಾರಿನ ಮಿರಗದ ಮಳೆ ಬಿದ್ದು ಹೊಳೆಗೆ ಹೊಸ ನೀರು ಬಂದ ದಿನ ಆ ವರ್ಷದ ಗಂಡುಕರುಗಳನ್ನೆಲ್ಲ ನೀರಿಗಿಳಿಸಿ ನಿಲ್ಲಿಸುತ್ತಾರೆ. ಸೆಳವಿಗೆ ಕಾಲು ಕೊಡದೆ ನಿಂತ ಕರು ಮುಂದೆ ಆ ಮನೆಯ ಕೋಣವಾಗುತ್ತದೆ. ಕಾಲು ಜಾರಿದ್ದನ್ನು ಆಚೆ ದಡದ ವ್ಯಾಪಾರಿಗಳು ಕಟುಕರಿಗೆ ಹೊಡೆದುಕೊಂಡು ಹೋಗುತ್ತಾರೆ. ಎರಡು ಮಳೆಗಾಲ ಕೋಣವಿಲ್ಲದ ಮನೆ ದಂಡೆಯ ಮೇಲಿನ ತನ್ನ ಜಾಗ ಬಿಡಬೇಕು. ನಮಗೆ ಒಂದು ಮಳೆಗಾಲ ಆಗಲೇ ಹೋಗಿತ್ತು. ಅಂದರೆ ಉಳಿದದ್ದು ಇದೊಂದು ಕರು, ಇದೊಂದು ಮಿರಗ. ದುಂಡ್ಯಾ ಕಟುಕರ ಪಾಲಾಗಬಾರದು, ನಮ್ಮವರು ಸಾಯುವ ತನಕ ಹಗ್ಗ ಹಿಡಿದು ನಿಲ್ಲಬಾರದು. ನನ್ನ ತಲೆಯಲ್ಲಿ ಬೇರೆ ವಿಚಾರವೇ ಇರಲಿಲ್ಲ.

ಒಂದು ಮಧ್ಯಾಹ್ನ ಕಣ್ಣಿ ಸವೆದು ಹರಿದು ಕರು ಬೀದಿಗೆ ಹೋಯಿತು. ನಾನು ಹೊರಗೆ ಬರುವಷ್ಟರಲ್ಲಿ ಶಾವಂತ್ರವ್ವನ ಬೇವಿನ ಮರದ ನೆರಳಿನಲ್ಲಿ, ಅವಳ ಮುದಿ ಎಮ್ಮೆಯ ಎದುರು ನಿಂತಿತ್ತು. ಎಮ್ಮೆ ಕಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು. ದವಡೆಯ ಅಂಚಿನಲ್ಲಿ ಇಳಿಯುತ್ತಿದ್ದ ಹಸಿರು ನೊರೆಯನ್ನು ಇದು ನೆಕ್ಕುತ್ತಿತ್ತು, ಮೊಲೆ ಚೀಪುವಷ್ಟು ಆಸೆಯಿಂದ. ನಾನು ಎಳೆದುಕೊಂಡು ಬಂದು ಬಾಯಿ ತೊಳೆದೆ. ತೊಳೆದರೆ ಏನು? ಮರುದಿನ ದುಂಡ್ಯಾನ ಹೊಟ್ಟೆಯಲ್ಲಿ ಗುಂಯ್ ಜೊತೆಗೆ ಸಣ್ಣಗೆ ಒಂದು ಟಕ್. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಅವತ್ತು ಅದು ಕಣಿಕೆ ತಿಂದು ಮಲಗಿ, ಹುಟ್ಟಿದಂದಿನಿಂದ ಮೊದಲ ಸಲ ಮೆಲುಕು ಹಾಕಿತು. ನಾನು ಕೊಡ ಇಳಿಸುವುದನ್ನೂ ಮರೆತು ನೋಡುತ್ತ ನಿಂತೆ.

ನೋಡಿದ್ದು ನಾನು, ಕೇಳಿದ್ದು ಓಣಿ. ಕುಡಿಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? ಸಂಜೆಯಾಗುವಷ್ಟರಲ್ಲಿ ಸುದ್ದಿ ದಂಡೆಗೆ ಮುಟ್ಟಿ ನಮ್ಮವರು ಮುಖ ಇಳಿಬಿಟ್ಟುಕೊಂಡು ಬಂದರು. ಕೈಯಲ್ಲಿ ಹರಳೆಣ್ಣೆಯ ಗಿಂಡಿ.

"ಬ್ಯಾಡ್ರಿ," ಅಂದೆ ನಾನು. "ಇವತ್ತ ಮೆಲಕ ಹಾಕೈತಿ ಅದು."

"ಮೆಲಕ ಹಾಕಿದ್ರ ಆತೇನು?" ಅಂದರು. "ನಾದ ಬ್ಯಾರೆ ಆದಮ್ಯಾಲ ನಾ ಹೆಂಗ ಏರ್ಲಿ ಅದನ್ನ? ನಡಹೊಳ್ಯಾಗ ನನ್ನ ಮಾತ ಕೇಳೂದಿಲ್ಲದು. ಮಂದೀನ್ನ ಮುಳುಗಿಸಂತೀಯೇನು?"

ಅವರು ಬೇವಿನ ರಸ ಬೆರೆಸಿ ಎಣ್ಣೆ ಕುಡಿಸಿದರು. ಕರು ಎಲ್ಲ ಉಚ್ಚಿಕೊಂಡು ಬರಿದಾಯಿತು. ಟಕ್ ಹೋಯಿತು, ಅದರ ಹಿಂದೆಯೇ ಮೆಲುಕೂ ಹೋಯಿತು. ಮುಂದಿನ ವಾರ ಅದು ಎದ್ದು ನಿಲ್ಲಬೇಕಾದರೆ ನಾನು ಬಾಲ ಹಿಡಿದು ಎತ್ತಬೇಕಾಯಿತು. ನನಗೆ ನಮ್ಮವರ ಮೇಲೆ ಸಿಟ್ಟು ಬಂದಷ್ಟೇ ಕನಿಕರವೂ ಬಂತು, ಎಣ್ಣೆ ಕುಡಿಸಿದ ಮೇಲೆ ಅವರೇ ಅದರ ಬಾಯಿ ಒರೆಸಿದ್ದನ್ನು ಕಂಡಿದ್ದೆ.

ಕರುವಿನ ಮಗ್ಗುಲಲ್ಲಿ ಕೂತು ಯೋಚಿಸಿದೆ. ಸತ್ತ ಎಮ್ಮೆಯ ಹೊಟ್ಟೆ ಹೇಗೆ ಕೇಳುತ್ತಿತ್ತು? ಹಾಲು ಹಿಂಡುವಾಗ ದಿನಾ ಅದರ ಹೊಟ್ಟೆಗೆ ಕೆನ್ನೆ ಒತ್ತಿ ಕೂತವಳು ನಾನು. ಗುಂಯ್ ಅಂತೂ ಇತ್ತು. ಆದರೆ ಆ ಗುಂಯ್ ಇಳಿಯುವ ಹೊತ್ತಿಗೆ ತಳದಲ್ಲಿ ಒಂದು ಸಣ್ಣ ಟಕ್ ಇರುತ್ತಿತ್ತಲ್ಲವೇ? ಇತ್ತು. ಅದು ಬಿದ್ದ ಮೇಲೆಯೇ ಗುಂಯ್ ಮತ್ತೆ ಏರುತ್ತಿತ್ತು. ನಾವು ದೊಡ್ಡ ದನಿಯನ್ನು ಮನೆಯ ನಾದವೆಂದು ಹೆಸರಿಟ್ಟುಕೊಂಡು ಸಣ್ಣ ದನಿಯನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ದುಂಡ್ಯಾನಿಗೆ ತಾಯಿಯಿಂದ ದೊಡ್ಡದು ಬಂದಿತ್ತು, ಸಣ್ಣದು ಬರುವ ಮೊದಲೇ ತಾಯಿ ಹೋಗಿತ್ತು. ಉಳಿದದ್ದನ್ನು ನಾನು ಕುದಿಸಿ ತಿಕ್ಕಿ ತೊಳೆದು ಬರದಂತೆ ಮಾಡಿದ್ದೆ. ಈಗ ಅದರ ಹೊಟ್ಟೆಯಲ್ಲಿ ಕರೆಯುವವನಿದ್ದಾನೆ, ಓ ಎನ್ನುವವನಿಲ್ಲ. ಆ ಓ ಎನ್ನುವವನು ನಮ್ಮ ಓಣಿಯಲ್ಲಿ ಎದ್ದು ಕೇಳುವಷ್ಟು ಇರುವುದು ಒಂದೇ ಎಮ್ಮೆಯ ಹೊಟ್ಟೆಯಲ್ಲಿ.

ಶಾವಂತ್ರವ್ವನಿಗೂ ನಮಗೂ ಮಾತು ನಿಂತು ಬಹಳ ಕಾಲವಾಗಿತ್ತು. ಬಚ್ಚಲ ನೀರು ಯಾರ ಬಾಗಿಲ ಮುಂದೆ ಹರಿಯಬೇಕು ಎಂದು ನಮ್ಮತ್ತೆ ಹಚ್ಚಿದ ಜಗಳ. ನೀರು ತನ್ನ ಪಾಡಿಗೆ ಇಳಿಜಾರು ನೋಡಿಕೊಂಡು ಹರಿದುಹೋಗುತ್ತಿತ್ತು, ನಾವು ಮಾತ್ರ ನಿಂತಲ್ಲೇ ನಿಂತಿದ್ದೆವು. ಮರುದಿನ ಬೆಳಿಗ್ಗೆ ಎಲ್ಲರೂ ಅಂಗಳ ಗುಡಿಸುವ ಹೊತ್ತಿನಲ್ಲೇ ನಾನು ಬೀದಿ ದಾಟಿ ಅವಳ ಕಟ್ಟೆಯ ಮುಂದೆ ನಿಂತೆ. ಕದ್ದು ಮಾಡಿ ಪ್ರಯೋಜನವಿಲ್ಲ, ಹೊಟ್ಟೆ ಹೇಳಿಬಿಡುತ್ತದೆ. ಶಾವಂತ್ರವ್ವ ಒಬ್ಬಂಟಿ, ಕಡ್ಡಿಯಂತೆ ತೆಳ್ಳಗೆ, ನಾಲಿಗೆ ಮಾತ್ರ ನನ್ನದಕ್ಕೆ ಸಮ.

"ಏನವ್ವ, ದಾರಿ ತಪ್ಪಿ ಬಂದಿಯೇನು?" ಅಂದಳು.

"ದಾರಿ ಹಿಡಕೊಂಡ ಬಂದೀನಿ," ಅಂದೆ. "ನಿಮ್ಮ ಎಮ್ಮಿ ಮೆಲಕ ಬೇಕಾಗೇತಿ. ದಿನಾ ಒಂದು ಹಿಡಿ. ನನ್ನ ಕರ ಬದುಕಬೇಕು."

ಅವಳು ಕಸಬರಿಗೆ ಕೆಳಗಿಟ್ಟಳು. "ನಮ್ಮ ಮನಿ ನಾದ ಒಡಕ ಮಡಿಕಿ ಅಂದಿದ್ಲು ನಿಮ್ಮತ್ತಿ."

"ಅಂದಿದ್ಲು."

"ಅಕಿ ಮುಂದ ನೀನೂ ನಕ್ಕಿದ್ದಿ."

"ಅತ್ತಿ ಮುಂದ ಸೊಸಿ ನಗದ ಇರಾಕ ಆಕ್ಕೇತೇನು?"

ಅವಳ ತುಟಿಯ ಮೂಲೆ ಅಲುಗಿತು. ಆದರೆ ಬಿಡುವವಳಲ್ಲ. "ನಮ್ಮ ಎಮ್ಮಿ ಎಂಜಲಾ ನಿನ್ನ ಕರುವಿಗೆ ಬೇಕು, ನನ್ನ ಎಂಜಲಾ ನಿನಗ ಬ್ಯಾಡ. ಇದ್ಯಾವ ನ್ಯಾಯ? ಹಂಗೇನು ಬ್ಯಾಡ. ಇಲ್ಲೇ ಕಟ್ಟಿ ಮ್ಯಾಲ ಕುಂಡ್ರು. ನನ್ನ ಗಂಗಾಳದಾಗ ಉಣ್ಣು. ಆಮ್ಯಾಲ ಎಮ್ಮಿ ಬಾಯಾಗ ಕೈ ಹಾಕು."

ಓಣಿಯ ಕಸಬರಿಗೆಗಳೆಲ್ಲ ನಿಂತಿದ್ದವು. ನನಗೆ ನಿಜಕ್ಕೂ ಹೆದರಿಕೆಯಾಯಿತು. ತವರಿನ ನಾದ ಕಳೆದುಕೊಂಡು ಅತ್ತವಳು ನಾನು, ಈಗ ಗಂಡನ ಮನೆಯದನ್ನೂ ಕೆಡಿಸಿಕೊಂಡರೆ ನಾನು ಯಾರ ಮನೆಯವಳು? ಆದರೆ ನಮ್ಮ ಬಾಗಿಲೊಳಗಿಂದ ದುಂಡ್ಯಾ ಕೂಗಿದ್ದು ಕೇಳಿಸಿತು, ಅದು ಕೂಗೂ ಅಲ್ಲ, ಉಸಿರು. ನಾನು ಕಟ್ಟೆಯ ಮೇಲೆ ಕೂತೆ. ಶಾವಂತ್ರವ್ವ ಒಳಗೆ ಹೋಗಿ ನುಚ್ಚು ಮಜ್ಜಿಗೆ ತಂದು ತಾನು ಎರಡು ತುತ್ತು ಉಂಡು ಗಂಗಾಳವನ್ನು ನನ್ನ ಕಡೆಗೆ ದೂಡಿದಳು. ನಾನು ತಲೆ ಎತ್ತದೆ ಕೊನೆಯ ಅಗುಳಿನ ತನಕ ಉಂಡೆ. ರುಚಿಯಾಗಿತ್ತು ಎಂದು ಹೇಳಬೇಕು, ಉಪ್ಪು ಒಂದು ಕೈ ಮುಂದು.

ನಮ್ಮವರು ಅವತ್ತು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮರುದಿನದಿಂದ ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ ತಮ್ಮ ರೊಟ್ಟಿ ತಾವೇ ಬಡಿಯತೊಡಗಿದರು. ಹಾಸಿಗೆ ಹೊರಗಿನ ಕಟ್ಟೆಗೆ ಹೋಯಿತು. ಆ ರೊಟ್ಟಿಗಳೋ, ಒಂದು ಕಡೆ ಸುಟ್ಟು ಒಂದು ಕಡೆ ಹಸಿ. ಮದುವೆಯಾದಂದಿನಿಂದ ಅವರು ಉಂಡು ಬಿಟ್ಟ ಗಂಗಾಳದಲ್ಲೇ ನಾನು ಉಣ್ಣುವುದು ರೂಢಿ. ಈಗ ಅವರ ಗಂಗಾಳ ಹಿತ್ತಿಲಲ್ಲಿ, ನನ್ನದು ಒಲೆಯ ಮುಂದೆ. ಒಬ್ಬಳೇ ಉಣ್ಣುವಾಗ ರುಚಿ ಹತ್ತದೆ ಅರ್ಧ ಬಿಟ್ಟು ಏಳುತ್ತಿದ್ದೆ.

ಕರುವಿನ ಕಡೆಯೂ ಸುಲಭವಾಗಲಿಲ್ಲ. ದಿನಾ ಮುದಿ ಎಮ್ಮೆಯ ದವಡೆಯೊಳಗೆ ಕೈ ಹಾಕಿ ಬೆಚ್ಚಗಿನ ಮೆಲುಕಿನ ಉಂಡೆ ತೆಗೆದು ದುಂಡ್ಯಾನ ನಾಲಿಗೆಯ ಹಿಂದಕ್ಕೆ ತಳ್ಳುತ್ತಿದ್ದೆ. ಬೇಗ ಆಗಲಿ ಎಂಬ ಆಸೆಗೆ ಒಂದು ಹಿಡಿಯ ಜಾಗದಲ್ಲಿ ಎರಡು ಮೂರು ತುರುಕಿದೆ. ಹೊಟ್ಟೆಯಲ್ಲಿ ಗುಂಯ್ ಒಂದು ಕಡೆ, ಟಕಟಕ ಒಂದು ಕಡೆ, ಸಂತೆಯ ಗದ್ದಲ. ಕರು ನೀರಿನಂತೆ ಉಚ್ಚಿಕೊಂಡಿತು, ಅದರ ಕಣ್ಣು ಒಳಗೆ ಹೋಯಿತು. ಅದರ ಕುತ್ತಿಗೆ ನೆಲಕ್ಕೆ ಬಿದ್ದದ್ದು ಕಂಡು ನನ್ನ ಎದೆ ಒಡೆಯಿತು. ಶಾವಂತ್ರವ್ವನನ್ನು ಕರೆದೆ. ಅಷ್ಟು ವರ್ಷಗಳಲ್ಲಿ ಅವಳು ನಮ್ಮ ಹೊಸ್ತಿಲು ದಾಟಿದ್ದು ಅದೇ ಮೊದಲು. ಇಬ್ಬರೂ ಕರುವಿನ ಎರಡು ಮಗ್ಗುಲಿಗೆ ಕೂತು ಕಿವಿ ಇಟ್ಟೆವು.

"ನಮ್ಮಾವು ಹಸಗೊಂಡಾವು," ಅಂದಳು ಅವಳು, ತನ್ನ ಎಮ್ಮೆಯಿಂದ ಬಂದ ಟಕಟಕದವರನ್ನು ಕುರಿತು. "ಇದು ಉಂಡಾಗಿನ ಟಕಟಕ ಅಲ್ಲ, ಉಪಾಸದ್ದು. ಏನ ಕೊಡಾಕತ್ತೀದಿ ಇದಕ್ಕ?"

"ಕುದಿಸಿದ ಹಾಲು. ಹಿಟ್ಟು."

"ಕಣಿಕಿ?"

"ಇಷ್ಟ ನಿತ್ರಾಣ ಇದ್ದದ್ದಕ್ಕ ಕಣಿಕಿ ಹೆಂಗ ಹಾಕ್ಲಿ?"

"ಚೂರ ಹಾಕಿ ನೋಡೂನು."

ಕಣಿಕೆಯನ್ನು ಸಣ್ಣಗೆ ಕತ್ತರಿಸಿ, ನೆನೆಸಿ, ಒಂದೊಂದೇ ಎಸಳು ಬಾಯಿಗೆ ಇಟ್ಟೆವು. ನುಂಗಿತು. ನಾವು ಕಿವಿ ಎತ್ತಲಿಲ್ಲ. ಮೊದಲು ಗುಂಯ್ ಎದ್ದಿತು, ನಿಧಾನ. ಅದು ಏರಿ ನಿಂತು ಇಳಿಯತೊಡಗಿದಾಗ ನನ್ನ ಬದಿಯಲ್ಲಿ ಒಂದು ಟಕ್, ಅವಳ ಬದಿಯಲ್ಲಿ ಒಂದು ಟಕ್. ಟಕ್ ಬಿದ್ದ ಮೇಲೆ ಗುಂಯ್ ಇನ್ನಷ್ಟು ತುಂಬಿಕೊಂಡು ಎದ್ದಿತು. ಶಾವಂತ್ರವ್ವ ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಕರುವಿನ ಹೊಟ್ಟೆಯಲ್ಲಿ ನಮ್ಮ ಮನೆಯ ಗುಂಯ್ ದನಿಯವರು ಕಣಿಕೆಯನ್ನು ಕುಟ್ಟುತ್ತಿದ್ದರು, ಕುಟ್ಟಿ ಬಿಟ್ಟ ಹೊಟ್ಟನ್ನು ಅವಳ ಮನೆಯ ಟಕಟಕದವರು ಉಣ್ಣುತ್ತಿದ್ದರು. ಹೊಟ್ಟು ಅಲ್ಲೇ ಬಿದ್ದಿದ್ದರೆ ಕುಟ್ಟುವವರಿಗೆ ಮತ್ತೆ ಒನಕೆ ಎತ್ತಲು ಜಾಗವಿಲ್ಲ. ಇವರ ಎಂಜಲು ಅವರಿಗೆ ಊಟ, ಅವರು ಉಂಡದ್ದರಿಂದ ಇವರಿಗೆ ಬದುಕು. ಇಷ್ಟೇ ಸಂಗತಿ. ಬರೀ ಒಬ್ಬರನ್ನೇ ಇಟ್ಟು, ಅಥವಾ ಇಬ್ಬರನ್ನೂ ಇಟ್ಟು ಕೆಲಸ ಕೊಡದೆ, ನಾನು ಆ ಹೊಟ್ಟೆಯನ್ನು ಬೀಳುಮನೆ ಮಾಡಿದ್ದೆ.

ಅಲ್ಲಿಂದ ಮುಂದೆ ನಾನು ಹಟ ಹಿಡಿದೆ. ಮೊದಲು ಕಣಿಕೆ, ಗುಂಯ್ ಏಳುವ ತನಕ ತಾಳ್ಮೆ, ಆಮೇಲೆ ಮೆಲುಕು, ಅದೂ ಒಂದೇ ಹಿಡಿ. ಕುದಿಸುವುದು ಬಿಟ್ಟೆ, ಗೋದಲಿ ತಿಕ್ಕುವುದು ಬಿಟ್ಟೆ. ಮಧ್ಯಾಹ್ನ ಅದನ್ನು ಮುದಿ ಎಮ್ಮೆಯ ಪಕ್ಕದಲ್ಲೇ ಕಟ್ಟಿದೆ, ಅದರ ಸೆಗಣಿ ಮೂಸಿದರೂ ನೆಕ್ಕಿದರೂ ಬಿಟ್ಟೆ. ನೀರಿನ ಸರದಿಯಲ್ಲಿ ಹೆಂಗಸರು ನನ್ನಿಂದ ದೂರ ನಿಂತರು. ಒಬ್ಬಳು ನನ್ನ ಹೊಟ್ಟೆಯತ್ತ ಗದ್ದ ತೋರಿಸಿ, "ಎರಡ ಮನ್ಯಾಕಿ ಬಂದ್ಲು ನೋಡ್ರಿ," ಅಂದಳು. ಹೌದು, ಆಗ ನನ್ನ ಹೊಟ್ಟೆಯಲ್ಲೂ ಎರಡೂ ಕೇಳುತ್ತಿದ್ದವು, ಯಾಕೆಂದರೆ ಶಾವಂತ್ರವ್ವ ಒಂದು ದಿನದ ಊಟಕ್ಕೆ ಬಿಡದೆ ದಿನಾ ತನ್ನ ಗಂಗಾಳದಲ್ಲಿ ಉಣ್ಣಿಸುತ್ತಿದ್ದಳು. "ಹೌದವ್ವ, ಎರಡ ಮನೀದು ಉಂಡು ಗಟ್ಟಿ ಆಗೀನಿ, ಕೊಡ ಹೊರಾಕ ಬರ್ತೀಯೇನು ನನ್ನ ಜೋಡಿ," ಅಂದೆ. ಅವಳು ತನ್ನ ಕೊಡ ಎತ್ತಿಕೊಂಡು ನಡೆದಳು.

ಯುಗಾದಿಯ ಹೊತ್ತಿಗೆ ದುಂಡ್ಯಾನ ಪಕ್ಕೆಲುಬು ಮುಚ್ಚಿದವು. ಬಿಸಿಲು ಏರಿದ ಹಾಗೆ ಎದೆ ಅಗಲವಾಯಿತು, ಕೊಂಬಿನ ಮೊಳಕೆ ಕೈಗೆ ಸಿಕ್ಕಿತು. ಒಂದು ದಿನ ಅದು ಗುದ್ದಿದ್ದಕ್ಕೆ ನಾನು ಗೋಡೆಗೆ ಹೋಗಿ ಬಿದ್ದೆ, ಬಿದ್ದಲ್ಲೇ ಕೂತು ನಕ್ಕೆ. ನಮ್ಮವರು ದಿನಾ ದಂಡೆಯಿಂದ ಬಂದು, ಆ ಬಿಸಿಲಲ್ಲೂ ಸೊಂಟಕ್ಕೆ ಕಂಬಳಿ ಸುತ್ತಿಕೊಂಡು, ದೂರದಲ್ಲಿ ನಿಂತು ಅದನ್ನು ನೋಡುತ್ತಿದ್ದರು, ಹತ್ತಿರ ಬರುತ್ತಿರಲಿಲ್ಲ. ಬೆಳೆದದ್ದು ಸುಳ್ಳಲ್ಲವಲ್ಲ ಎಂದು ನಾನು ಕೇಳಿದರೆ, "ಬೆಳಿಯೂದೊಂದ, ಮಾತ ಕೇಳೂದೊಂದ," ಎಂದು ಹೊರಗೆ ಹೋಗುತ್ತಿದ್ದರು. ಅದು ನನಗೂ ಗೊತ್ತಿತ್ತು. ಕರುವನ್ನು ನೀರಿಗೆ ನಿಲ್ಲುವಷ್ಟು ಬೆಳೆಸಿದ್ದೆ, ಏರುವವನ ನಾದದಿಂದ ದೂರ ಮಾಡಿದ್ದೆ. ಅದಕ್ಕೆ ಏನು ಮಾಡಬೇಕೆಂದು ತೋಚಿರಲಿಲ್ಲ. ಮೊದಲು ಬದುಕಲಿ, ಆಮೇಲಿನದು ಆಮೇಲೆ ಎಂದು ಹಲ್ಲು ಕಚ್ಚಿಕೊಂಡಿದ್ದೆ.

ಮಿರಗ ಹಿಡಿಯಿತು. ಹೊಳೆ ಕೆಂಪಗೆ ಬಂತು. ಬೆಳಗಿನ ಬಿಸಿಲಿನಲ್ಲಿ ಊರೆಲ್ಲ ದಂಡೆಗೆ ಸೇರಿತ್ತು, ಆಚೆ ದಡದಿಂದ ವ್ಯಾಪಾರಿಗಳು ಬಂದು ಹಗ್ಗ ಬಿಚ್ಚಿಕೊಂಡು ಕೂತಿದ್ದರು. ದಂಡೆಯ ಹಿರಿಯ ಈರಭದ್ರಜ್ಜ ಮೊಣಕಾಲು ನೀರಿನಲ್ಲಿ ನಿಂತು ಒಂದೊಂದೇ ಮನೆಯ ಕರುವನ್ನು ಕರೆಯುತ್ತಿದ್ದ. ನಮ್ಮ ಸರದಿ ಬಂದಾಗ ದುಂಡ್ಯಾನನ್ನು ಇಳಿಸಿದವಳು ನಾನೇ. ನೀರು ಅದರ ಎದೆಗೆ ಬಂತು, ಸೆಳವು ನನ್ನ ಸೀರೆಯನ್ನೂ ಕಾಲನ್ನೂ ಎಳೆಯಿತು. ನಾನೇ ಒಮ್ಮೆ ಜಾರಿ ಅದರ ಕುತ್ತಿಗೆ ಹಿಡಿದುಕೊಂಡೆ. ಅದು ಅಲುಗಲಿಲ್ಲ. ಕಿವಿ ಮುಂದೆ ಮಾಡಿ, ಮೂಗು ಎತ್ತಿ, ಹೊಳೆ ತನ್ನದೇ ಎಂಬಂತೆ ನಿಂತಿತು.

ಈರಭದ್ರಜ್ಜ ಬಂದು ಅದರ ಹೊಟ್ಟೆಗೆ ಕಿವಿ ಕೊಟ್ಟು ಬಹಳ ಹೊತ್ತು ಕೇಳಿದ. ಎದ್ದು ಗಡ್ಡದ ನೀರು ಒರೆಸಿಕೊಂಡ.

"ಕರ ಭೇಷ್ ಐತಿ. ಈ ವರ್ಷ ಇಂಥಾದ್ದು ಇನ್ನೊಂದಿಲ್ಲ," ಅಂದ. "ಆದ್ರ ಏರಾವ್ರು ಯಾರವ್ವ ಇದನ್ನ? ಇಂಥಾ ನಾದದ ಮನುಷ್ಯಾ ಈ ಊರಾಗಿಲ್ಲ."

"ನಾ ಅದೀನಲ್ಲ ಅಜ್ಜಾರ," ಅಂದೆ. "ನನ್ನ ಹೊಟ್ಟೀನೂ ಇದ ನಾದ ಹಾಡತೈತಿ. ನಾನ ಏರ್ತೀನಿ."

ಕೆಲವರು ನಕ್ಕರು. ಅಜ್ಜ ನಗಲಿಲ್ಲ. "ನಿನಗ ಈಸು ಬರ್ತೇತೇನವ್ವ?"

ನನಗೆ ಈಜು ಬರುವುದಿಲ್ಲ. ಊರಿಗೆಲ್ಲ ಗೊತ್ತು. ನಾನು ಕಲಿಯುತ್ತೇನೆ ಅಂದೆ, ದನಿ ನನಗೇ ಕೇಳಲಿಲ್ಲ. ವ್ಯಾಪಾರಿಗಳಲ್ಲಿ ಒಬ್ಬ ಹಗ್ಗ ಹಿಡಿದು ಎದ್ದು ನಿಂತ. ಅಷ್ಟು ಬೆಳೆಸಿ, ಅಷ್ಟು ಮಂದಿಯ ಮಾತು ನುಂಗಿ, ಕೊನೆಗೆ ಹೀಗೆ ಇದರ ಕಣ್ಣಿ ನಾನೇ ಅವನ ಕೈಗೆ ಕೊಡಬೇಕೇ ಎಂದು ನನಗೆ ಅಳು ಬಂತು. ಕಣ್ಣಿಯನ್ನು ಮುಂಗೈಗೆ ಸುತ್ತಿಕೊಂಡು, ಇದನ್ನು ಒಯ್ಯುವುದಾದರೆ ನನ್ನ ಕೈಯನ್ನೂ ಒಯ್ಯಲಿ ಎಂದು ನಿಂತೆ.

ಆಗ ನೀರಿನಲ್ಲಿ ಯಾರೋ ಬರುವ ಸದ್ದಾಯಿತು. ನಮ್ಮವರು. ಬೇಸಿಗೆಯೆಲ್ಲ ಬಿಚ್ಚದ ಆ ಕಂಬಳಿಯನ್ನು ಸೊಂಟಕ್ಕೆ ಬಿಗಿಯಾಗಿ ಸುತ್ತಿಕೊಂಡಿದ್ದರು. ನನ್ನನ್ನು ನೋಡಲಿಲ್ಲ. ಕಂಬಳಿ ಬಿಚ್ಚಿ ದಡಕ್ಕೆ ಎಸೆದು, ದುಂಡ್ಯಾನ ಬೆನ್ನಿಗೆ ಹೊಟ್ಟೆ ಆನಿಸಿ ಅದರ ಮೇಲೆ ಬಾಗಿದರು, ಪೂರ್ತಿ ಭಾರ ಹಾಕದೆ. ಹೊಳೆಯ ಸದ್ದಿನಲ್ಲೂ ನನಗೆ ಕೇಳಿಸಿತು. ಗುಂಯ್ ಏರಿತು, ಇಳಿಯಿತು, ಟಕ್. ಕರುವಿನದು ಯಾವುದು, ಅವರದು ಯಾವುದು ಹೇಳುವಂತಿರಲಿಲ್ಲ. ಅವರು ಬಲಕ್ಕೆ ವಾಲಿದರು. ದುಂಡ್ಯಾ ಸೆಳವಿಗೆ ಎದುರಾಗಿ ಬಲಕ್ಕೆ ತಿರುಗಿತು. ಎಡಕ್ಕೆ ವಾಲಿದರು, ಎಡಕ್ಕೆ ತಿರುಗಿತು.

ಈರಭದ್ರಜ್ಜ ಇಬ್ಬರ ಹೊಟ್ಟೆಯನ್ನೂ ಕೇಳಿ, ದಂಡೆಯ ಕಡೆ ಮುಖ ಮಾಡಿ, ಕೋಣ ನಮ್ಮವರದೆಂದು ಅವರ ಹೆಸರು ಹಿಡಿದು ಕೂಗಿದ. ವ್ಯಾಪಾರಿ ಕೂತ. ನನಗೆ ಅದೆಲ್ಲ ಎಲ್ಲೋ ದೂರದಲ್ಲಿ ಆದಂತಿತ್ತು. ನಾನು ನಮ್ಮವರನ್ನೇ ನೋಡುತ್ತಿದ್ದೆ. ಶಾವಂತ್ರವ್ವನ ಹೊಸ್ತಿಲನ್ನು ಅವರು ಮೆಟ್ಟಿದವರಲ್ಲ. ಆ ಟಕ್ ಅವರಿಗೆ ಬರುವುದಕ್ಕೆ ಇದ್ದದ್ದು ಒಂದೇ ದಾರಿ. ಗಂಡನ ಎಂಜಲು ಹೆಂಡತಿ ಉಣ್ಣುವುದನ್ನು ನಾನು ಹುಟ್ಟಿದಂದಿನಿಂದ ಕಂಡಿದ್ದೇನೆ. ಹೆಂಡತಿ ಅರ್ಧ ಬಿಟ್ಟು ಎದ್ದ ಗಂಗಾಳದ ಮುಂದೆ ಗಂಡ ಕೂತದ್ದನ್ನು ನಮ್ಮೂರಲ್ಲಿ ಯಾರೂ ಕಂಡಿಲ್ಲ.

"ಯಾವಾಗಿಂದರೀ?" ಅಂದೆ.

ಅವರು ಕರುವಿನ ಕಿವಿಯ ಹಿಂದೆ ಕೆರೆಯುತ್ತ ನಿಂತರು. "ನೀ ಅಕಿ ಕಟ್ಟಿ ಮ್ಯಾಲ ಕುಂತು ಉಂಡ ಬಂದಿ ನೋಡು, ಅದರ ಮರದಿನದಿಂದ," ಅಂದರು. "ಕರ ಬದುಕಿದ್ರ ಏರಾಕ ಒಬ್ಬಾಂವ ಬೇಕಲ್ಲ."